ಗಗನಯಾನ: ಇಸ್ರೊ ಮತ್ತು ಭಾರತದ ಮಾನವಸಹಿತ ಬಾಹ್ಯಾಕಾಶ ಕಾರ್ಯಕ್ರಮ

ಗಗನಯಾನವು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ಕೈಗೊಂಡಿರುವ ಮಾನವಸಹಿತ ಬಾಹ್ಯಾಕಾಶ ಯೋಜನೆ. ಗರಿಷ್ಠ ಮೂವರು ಗಗನಯಾತ್ರಿಗಳನ್ನು ಸುಮಾರು 400 ಕಿ.ಮೀ. ಎತ್ತರದ ಕಕ್ಷೆಗೆ ಒಯ್ದು, ಮೂರು ದಿನಗಳವರೆಗೆ ಅಲ್ಲಿರಿಸಿ, ಸಮುದ್ರಕ್ಕಿಳಿಸಿ ಮರಳಿ ಕರೆತರುವುದು ಅದರ ಮೂಲ ಗುರಿ. 2018ರ ಆಗಸ್ಟ್ 15ರಂದು ಪ್ರಧಾನಿ ಇದನ್ನು ಕೆಂಪುಕೋಟೆಯಿಂದ ಘೋಷಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. 2022ರೊಳಗೆ ಯಾನ ನಡೆಯಬೇಕೆಂಬ ಮೊದಲ ಗಡುವು ಮೀರಿತು. ಅನಂತರದ ಗಡುವುಗಳೂ ಮುಂದಕ್ಕೆ ಸರಿದವು. ಮೇಲೇರಿಸಲು ತಕ್ಕ ರಾಕೆಟ್ ದೇಶದ ಬಳಿ ಆಗಲೇ ಇತ್ತು. ಹೆಚ್ಚು ಕಾಲ ಹಿಡಿದದ್ದು, ಏರಿದವರನ್ನು ಜೀವಸಹಿತ ಇಳಿಸುವ ವಿದ್ಯೆಯ ಗಳಿಕೆ. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಸಂಸ್ಥೆಯ ಹುಟ್ಟು

1962ರಲ್ಲಿ ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ, ವಿಕ್ರಮ್ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಮರುವರ್ಷ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕದಿಂದ ಬಂದ ನೈಕ್-ಅಪಾಚಿ. 1969ರ ಆಗಸ್ಟ್ 15ರಂದು ಇಸ್ರೊ ಸ್ಥಾಪನೆಯಾಯಿತು. ದೂರಸಂಪರ್ಕ, ಹವಾಮಾನ, ಶಿಕ್ಷಣಕ್ಕೆ ನೆರವಾಗದ ಬಾಹ್ಯಾಕಾಶ ವಿಜ್ಞಾನ ಬಡ ದೇಶಕ್ಕೆ ಹೊರೆ ಎಂಬುದು ಸಾರಾಭಾಯಿ ಅವರ ನಿಲುವು. ಮುಂದುವರಿದ ದೇಶಗಳೊಡನೆ ಮಾನವಯಾನದ ಪೈಪೋಟಿಗೆ ಇಳಿಯುವ ಹಂಬಲವನ್ನು ಅವರು ಮುಚ್ಚುಮರೆಯಿಲ್ಲದೆ ತಳ್ಳಿಹಾಕಿದ್ದರು. ಮುಂದಿನ ಮೂರು ದಶಕ ಸಂಸ್ಥೆ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ನಡೆಯಿತು.

1971ರ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡರು. ಮರುವರ್ಷ ಸತೀಶ್ ಧವನ್ ಸಂಸ್ಥೆಯ ಹೊಣೆ ಹೊತ್ತರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಅವರು ಮುಂದುವರಿದರು, ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಯೂರಿತು. ತುಂಬಾದಲ್ಲಿ ಸೈಕಲ್ಲಿನ ಮೇಲೆ ರಾಕೆಟ್ಟಿನ ಮೂತಿ ಸಾಗಿಸುವ ಚಿತ್ರವನ್ನು ನೋಡದವರು ವಿರಳ. ಬೆಂಗಳೂರಿನ ಪೀಣ್ಯದ ಕತೆ ಅಷ್ಟು ಪ್ರಚಾರ ಪಡೆದಿಲ್ಲ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ತಂಡ ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ 360 ಕಿ.ಗ್ರಾಂ ತೂಕದ ಆರ್ಯಭಟ ಉಪಗ್ರಹವನ್ನು ಕಟ್ಟಿತು. ಜಾಗದ ಅಭಾವದಿಂದ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿದ್ದರೆಂಬುದು ಆ ಪೀಳಿಗೆಯವರು ಹೇಳುತ್ತ ಬಂದಿರುವ ಮಾತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಆರ್ಯಭಟವನ್ನು ಕಕ್ಷೆಗೆ ಸೇರಿಸಿತು. ಸ್ವಂತ ರಾಕೆಟ್ಟಾದ ಎಸ್‌ಎಲ್‌ವಿ-3 1979ರಲ್ಲಿ ಸಮುದ್ರಕ್ಕೆ ಬಿದ್ದು, 1980ರ ಜುಲೈ 18ರಂದು ಗೆದ್ದಿತು.

ಎರಡು ಮುನ್ನುಡಿಗಳು

1984ರ ಏಪ್ರಿಲ್ 3ರಂದು ವಾಯುಪಡೆಯ ರಾಕೇಶ್ ಶರ್ಮಾ ಸೊಯುಜ್ ಟಿ-11 ನೌಕೆಯಲ್ಲಿ ಹೊರಟು, ಸಲ್ಯೂತ್-7 ನಿಲ್ದಾಣದಲ್ಲಿ ತಂಗಿ, ಎಂಟನೆಯ ದಿನ ಮರಳಿದರು. ಈ ಯಾನವನ್ನು ಇಸ್ರೊ ಚರಿತ್ರೆಯ ಅಧ್ಯಾಯವೆಂದು ಬರೆಯುವ ರೂಢಿಯಿದೆ. ಅದನ್ನು ಸೋವಿಯತ್ ಒಕ್ಕೂಟ ಮತ್ತು ಭಾರತೀಯ ವಾಯುಪಡೆಯ ನಡುವಿನ ಕಾರ್ಯಕ್ರಮವೆನ್ನುವುದೇ ಸರಿ. ಎರಡನೆಯ ಪ್ರಯತ್ನ ಮಾತ್ರ ನೇರವಾಗಿ ಇಸ್ರೊದ್ದು. ಇನ್ಸಾಟ್-1ಸಿ ಉಪಗ್ರಹವನ್ನು ಅಮೆರಿಕದ ಶಟಲ್ ಒಯ್ಯಬೇಕಿತ್ತು. ಅದರ ಜೊತೆಗೆ ಹೋಗಲು ಎನ್. ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಎಂಬ ಇಬ್ಬರು ಇಂಜಿನಿಯರುಗಳನ್ನು ಆರಿಸಲಾಗಿತ್ತು. 1986ರ ಜನವರಿ 28ರ ಚಾಲೆಂಜರ್ ಶಟಲ್ ದುರಂತ ಆ ಬಾಗಿಲನ್ನು ಮುಚ್ಚಿತು. ಉಪಗ್ರಹ 1988ರಲ್ಲಿ ಯೂರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು, ಇಂಜಿನಿಯರುಗಳು ನೆಲದಲ್ಲೇ ಉಳಿದರು.

ಮರಳಿ ತರುವ ವಿದ್ಯೆ

ಉಪಗ್ರಹ ಕಕ್ಷೆ ಸೇರಿದರೆ ರಾಕೆಟ್ ತಂಡದ ಕೆಲಸ ಮುಗಿಯಿತು. ಮನುಷ್ಯನಿದ್ದರೆ ಅರ್ಧ ಕೆಲಸ ಅಲ್ಲಿಂದಲೇ ಶುರು. ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿರುವ ಕೋಶವನ್ನು ನೀರಿಗೆ ಮುಟ್ಟುವ ಹೊತ್ತಿಗೆ ಸೈಕಲ್ ಸವಾರನ ವೇಗದ ಆಸುಪಾಸಿಗೆ ತರಬೇಕು. ಆ ವೇಗದ ಬಹುಪಾಲನ್ನು ವಾಯುಮಂಡಲವೇ ಕಾವಾಗಿ ಮಾರ್ಪಡಿಸಿ ತಿಂದುಹಾಕುತ್ತದೆ. ಉಳಿದದ್ದು ಪ್ಯಾರಾಶೂಟುಗಳ ಪಾಲು.

ಇಸ್ರೊ ಈ ಪಾಠವನ್ನು ಸಣ್ಣದರಿಂದ ಆರಂಭಿಸಿತು. 550 ಕಿ.ಗ್ರಾಂ ತೂಕದ ಎಸ್‌ಆರ್‌ಇ-1 ಎಂಬ ಕೋಶ 2007ರ ಜನವರಿ 10ರಂದು ಪಿಎಸ್‌ಎಲ್‌ವಿ ರಾಕೆಟ್ ಮೂಲಕ ಕಕ್ಷೆಗೆ ಹೋಗಿ, ಹನ್ನೆರಡು ದಿನ ಸುತ್ತಿ, 22ರಂದು ಬಂಗಾಳ ಕೊಲ್ಲಿಗೆ ಇಳಿಯಿತು. ಅದರ ಮೈಗೆ ಸಿಲಿಕಾ ಬಿಲ್ಲೆಗಳ ಕವಚವಿತ್ತು. 5 ಕಿ.ಮೀ. ಎತ್ತರಕ್ಕೆ ಬರುವಷ್ಟರಲ್ಲಿ ವೇಗ ಸೆಕೆಂಡಿಗೆ ನೂರು ಮೀಟರಿಗೆ ಇಳಿದಿತ್ತು. ನೀರು ಮುಟ್ಟಿದ್ದು 12 ಮೀಟರ್ ವೇಗದಲ್ಲಿ. ಗಗನಯಾನದ ನಿಜವಾದ ಆರಂಭವನ್ನು ಈ ದಿನದಿಂದ ಎಣಿಸುವುದು ನ್ಯಾಯವೆಂದು ತೋರುತ್ತದೆ. 2014ರ ಡಿಸೆಂಬರ್ 18ರಂದು ಎಲ್‌ವಿಎಂ3 ರಾಕೆಟ್ಟಿನ ಮೊದಲ ಪರೀಕ್ಷಾ ಹಾರಾಟ ಸುಮಾರು 3.7 ಟನ್ನಿನ ಸಿಬ್ಬಂದಿ ಕೋಶದ ಮಾದರಿಯನ್ನು 126 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅಂದು ಕ್ರಯೋಜೆನಿಕ್ ಹಂತ ಬರೀ ತೂಕಕ್ಕಿದ್ದ ಡಮ್ಮಿ. ಕೋಶ ಅಂಡಮಾನ್ ಸಮುದ್ರದಲ್ಲಿ ಇಳಿಯಿತು.

ಗಗನಯಾನದ ಕೋಶದಲ್ಲಿ ಹತ್ತು ಪ್ಯಾರಾಶೂಟುಗಳಿವೆ. ಮೊದಲ ಎರಡರ ಕೆಲಸ ನೆತ್ತಿಯ ಮುಚ್ಚಳವನ್ನು ಎಳೆದು ತೆಗೆಯುವುದು. ಅನಂತರದ ಎರಡು ಕೋಶದ ಓಲಾಟವನ್ನು ಹಿಡಿತಕ್ಕೆ ತಂದು ವೇಗ ತಗ್ಗಿಸುತ್ತವೆ. ಮೂರು ಚಿಕ್ಕವು ಮೂರು ದೊಡ್ಡವನ್ನು ಚೀಲದಿಂದ ಹೊರಗೆಳೆಯುತ್ತವೆ. ದೊಡ್ಡವು ಒಂದೊಂದೂ ಸುಮಾರು 25 ಮೀಟರ್ ಅಗಲ. ಇಷ್ಟು ದೊಡ್ಡ ಛತ್ರಿ ಒಮ್ಮೆಲೇ ಬಿಚ್ಚಿದರೆ ಬಟ್ಟೆ ಹರಿಯುತ್ತದೆ, ಇಲ್ಲವೇ ಒಳಗಿರುವವರ ಕತ್ತಿಗೆ ಪೆಟ್ಟು. ಆದ್ದರಿಂದ ಎಲೆಯಡಿಕೆ ಸಂಚಿಯ ಬಾಯಿಗೆ ದಾರ ಬಿಗಿದಂತೆ ಅಂಚನ್ನು ಬಿಗಿದಿಟ್ಟು, ಪುಟ್ಟ ಸಿಡಿಮದ್ದಿನ ಕತ್ತರಿಯಿಂದ ಆ ದಾರವನ್ನು ಕಡಿದು ಹಂತಹಂತವಾಗಿ ಅರಳಿಸಲಾಗುತ್ತದೆ. ಮೂರರಲ್ಲಿ ಎರಡು ಅರಳಿದರೂ ಸಾಕು. 2022ರ ನವೆಂಬರ್ 18ರಂದು ಝಾನ್ಸಿ ಬಳಿಯ ಬಬೀನಾದಲ್ಲಿ ವಿಮಾನದಿಂದ 5 ಟನ್ನಿನ ತೂಕ ಬೀಳಿಸಿ ಪರೀಕ್ಷಿಸಿದ್ದು ಇದನ್ನೇ: ಒಂದು ಕೈಕೊಟ್ಟರೆ ಏನಾಗುತ್ತದೆ? 2025ರ ಆಗಸ್ಟ್ 24ರಂದು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 3 ಕಿ.ಮೀ. ಎತ್ತರದಲ್ಲಿ ಕೋಶದ ಮಾದರಿಯನ್ನು ಬಿಟ್ಟು ಇಡೀ ಸರಣಿಯ ಪರೀಕ್ಷೆ ನಡೆಯಿತು.

ಇನ್ನೊಂದು ತೊಡಕು ಏರುವಾಗಿನದು. ಗಗನಯಾನವನ್ನು ಹೊರಬೇಕಾದ ಎಲ್‌ವಿಎಂ3ರ ಪಕ್ಕದ ಎರಡು ಬೂಸ್ಟರುಗಳು ತಲಾ 200 ಟನ್ನಿಗೂ ಮಿಕ್ಕಿ ಘನ ಇಂಧನ ಹೊತ್ತವು. ಒಮ್ಮೆ ಹೊತ್ತಿಸಿದ ಮೇಲೆ ಅವನ್ನು ಆರಿಸುವ ಮಾತಿಲ್ಲ. ಎಡವಟ್ಟಾದರೆ ರಾಕೆಟ್ಟನ್ನು ನಿಲ್ಲಿಸುವ ಬದಲು, ಅದಕ್ಕಿಂತ ವೇಗವಾಗಿ ಕೋಶವನ್ನು ಕಿತ್ತು ಒಯ್ಯಬೇಕು. ತುದಿಯಲ್ಲಿರುವ ಪಾರುಗಾಣಿಕೆ ಗೋಪುರದ ಕೆಲಸ ಇದು. ಅದರ ಮುಖ್ಯ ಮೋಟಾರು ಹೆಚ್ಚುಕಡಿಮೆ ಆರು ಸೆಕೆಂಡು ಉರಿಯುತ್ತದೆ. ಬೆಂಕಿ ಕೆಳಗಿನ ಕೋಶಕ್ಕೆ ತಾಗದಂತೆ ಮೂತಿಗಳನ್ನು ಓರೆಯಾಗಿ ಹೊರಕ್ಕೆ ತಿರುಗಿಸಲಾಗಿದೆ. 2018ರ ಜುಲೈ 5ರಂದು ಶ್ರೀಹರಿಕೋಟದ ನೆಲದಿಂದಲೇ ನಡೆದ ಮೊದಲ ಪರೀಕ್ಷೆ 259 ಸೆಕೆಂಡುಗಳಲ್ಲಿ ಮುಗಿಯಿತು.

ಈ ಗೋಪುರದ ಎರಡನೆಯ ಪರೀಕ್ಷೆ ಟಿವಿ-ಡಿ1 ಎಂಬ ಹಾರಾಟ, 2023ರ ಅಕ್ಟೋಬರ್ 21. ಹವಾಮಾನದಿಂದಾಗಿ ಮೊದಲೇ ತಡವಾಗಿತ್ತು. ಎಣಿಕೆಯಲ್ಲಿ ಐದು ಸೆಕೆಂಡು ಉಳಿದಾಗ ಗಣಕವೇ ಹಾರಾಟವನ್ನು ತಡೆಹಿಡಿಯಿತು. ದೋಷ ಪತ್ತೆಹಚ್ಚಿ, ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು. ಶಬ್ದದ ವೇಗವನ್ನು ದಾಟಿದ ಗಳಿಗೆಯಲ್ಲಿ, ಗಾಳಿಯ ಹೊಡೆತ ತೀರಾ ಕೆಟ್ಟದಾಗಿರುವಾಗ, ಸುಮಾರು 12 ಕಿ.ಮೀ. ಎತ್ತರದಲ್ಲಿ ಗೋಪುರ ಕೋಶವನ್ನು ಸೆಳೆದೊಯ್ದಿತು. ಪ್ಯಾರಾಶೂಟುಗಳು ಕ್ರಮವಾಗಿ ಅರಳಿದವು. ಕೋಶ ತೀರದಿಂದ ಸುಮಾರು 10 ಕಿ.ಮೀ. ದೂರದಲ್ಲಿ ನೀರಿಗಿಳಿಯಿತು. ನೌಕಾಪಡೆಯ ಮುಳುಗುಗಾರರು ತಲುಪಿದಾಗ ಅದು ಮಗುಚಿಕೊಂಡು ತೇಲುತ್ತಿತ್ತು. ಅಪೊಲೊ ಕೋಶಗಳೂ ಎಷ್ಟೋ ಬಾರಿ ಹೀಗೆ ಬೋರಲಾಗಿದ್ದವು, ಗಾಳಿ ತುಂಬಿದ ಚೀಲಗಳು ಅವನ್ನು ನೆಟ್ಟಗೆ ನಿಲ್ಲಿಸುತ್ತಿದ್ದವು. ಈ ಪರೀಕ್ಷೆಯಲ್ಲಿ ಕೋಶ ನೆಟ್ಟಗಾಗಲಿಲ್ಲ. ವರದಿಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿದವು. ಆದರೆ ಮೂರು ದಿನ ತೂಕವಿಲ್ಲದ ಸ್ಥಿತಿಯಲ್ಲಿದ್ದು ಬಂದವರು ಪಟ್ಟಿಗೆ ಜೋತು ತಲೆಕೆಳಗಾಗಿ ಕಾಯುವುದು ಸಣ್ಣ ಸಂಗತಿಯಲ್ಲ.

ಆಯ್ಕೆ ಮತ್ತು ತರಬೇತಿ

ಇಸ್ರೊದ ಮಾನವಯಾನ ಕೇಂದ್ರ 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ವೈದ್ಯಕೀಯ ಜರಡಿ ನಡೆದದ್ದೂ ಇದೇ ಊರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಆಯ್ಕೆಯಾದ ನಾಲ್ವರೂ ಪರೀಕ್ಷಾ ಪೈಲಟ್‌ಗಳು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ಆಯ್ಕೆಯ ವಲಯವೇ ಅಷ್ಟು ಕಿರಿದಾಗಿದ್ದುದರಿಂದ ಮೊದಲ ತಂಡದಲ್ಲಿ ಮಹಿಳೆಯರಿಲ್ಲ. 2020ರ ಫೆಬ್ರುವರಿಯಲ್ಲಿ ಮಾಸ್ಕೋ ಬಳಿಯ ಗಗಾರಿನ್ ಕೇಂದ್ರದಲ್ಲಿ ಶುರುವಾದ ತರಬೇತಿ ಕೋವಿಡ್‌ನಿಂದ ನಡುವೆ ನಿಂತು, 2021ರ ಮಾರ್ಚ್‌ನಲ್ಲಿ ಮುಗಿಯಿತು. ಹೆಸರುಗಳು ಬಹಿರಂಗವಾದದ್ದು 2024ರ ಫೆಬ್ರುವರಿ 27ರಂದು. ಊಟದ ಹೊಣೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ್ದು.

ಶುಕ್ಲಾ 2025ರ ಜೂನ್ 25ರಂದು ಆಕ್ಸಿಯಂ-4 ಯಾನದಲ್ಲಿ ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಮೊದಲ ಭಾರತೀಯರಾದರು. ಜುಲೈ 15ರಂದು ಪೆಸಿಫಿಕ್ ಸಾಗರಕ್ಕೆ ಇಳಿದರು. ಅವರು ನಡೆಸಿದ ಏಳು ಭಾರತೀಯ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಹೆಸರುಕಾಳು, ಮೆಂತ್ಯೆಯನ್ನು ನಿಲ್ದಾಣದಲ್ಲಿ ಮೊಳಕೆ ಬರಿಸಿ, ಶೀತಕದಲ್ಲಿಟ್ಟು ನೆಲಕ್ಕೆ ತರಲಾಯಿತು.

ವೆಚ್ಚ ಮತ್ತು ಮುಂದಿನ ಹಂತಗಳು

9,023 ಕೋಟಿ ರೂಪಾಯಿಯ ಮೂಲ ಮಂಜೂರಾತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ 20,193 ಕೋಟಿಗೆ ಏರಿಸಲಾಯಿತು. ಈ ಏರಿಕೆಯನ್ನು ಬರೀ ತಡದ ದಂಡವೆಂದು ಓದಬಾರದು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವೂ, ಒಟ್ಟು ಎಂಟು ಯಾನಗಳೂ ಈಗ ಇದೇ ಲೆಕ್ಕದೊಳಗಿವೆ. ಮನುಷ್ಯರಿಗಿಂತ ಮೊದಲು ಮಾನವರಹಿತ ಯಾನಗಳು ನಡೆಯಬೇಕು. ಅವುಗಳಲ್ಲಿ ವ್ಯೋಮಮಿತ್ರ ಎಂಬ ಯಂತ್ರಮಾನವಿಯನ್ನು ಕಳಿಸುವ ಯೋಜನೆಯಿದೆ. ನಿಲ್ದಾಣವನ್ನು 2035ರೊಳಗೆ ಪೂರ್ಣಗೊಳಿಸುವ ಗುರಿ ಇಟ್ಟುಕೊಳ್ಳಲಾಗಿದೆ. ಅದಕ್ಕೆ ಬೇಕಾದ ಜೋಡಣೆಯ ವಿದ್ಯೆಯನ್ನು ಇಸ್ರೊ 2025ರ ಜನವರಿ 16ರಂದು, ತಲಾ 220 ಕಿ.ಗ್ರಾಂ ತೂಕದ ಎರಡು ಸ್ಪೇಡೆಕ್ಸ್ ಉಪಗ್ರಹಗಳನ್ನು ಕಕ್ಷೆಯಲ್ಲಿ ಒಂದಕ್ಕೊಂದು ಸೇರಿಸಿ ಪರೀಕ್ಷಿಸಿದೆ.