ಎರಡು ನೆಟ್‌ವರ್ಕ್ ಕಾರ್ಡ್ ಸೇರಿಸಿದರೆ ವೇಗ ಇಮ್ಮಡಿಯಾಗುತ್ತದೆಯೇ?

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಲ್ಲಿ ಕುಳಿತು ಪಹಣಿ ತೆಗೆಸಿದರೂ ಅದು ಬರುವುದು ದೂರದ ಸರ್ವರ್‌ನಿಂದ. ಇಂತಹ ಸರ್ವರ್‌ಗೆ ಒಂದೇ ಕೇಬಲ್ ಇದ್ದು, ಅದು ಸಡಿಲವಾದರೆ ಊರೂರಿನ ಕೌಂಟರ್‌ಗಳು ನಿಲ್ಲುತ್ತವೆ. ಅದಕ್ಕೇ ಎರಡು ಅಥವಾ ಹೆಚ್ಚು ನೆಟ್‌ವರ್ಕ್ ಕಾರ್ಡ್‌ಗಳನ್ನು ಸೇರಿಸಿ, ಒಂದೇ ಐಪಿ ವಿಳಾಸ ಕೊಡುತ್ತಾರೆ. ಲಿನಕ್ಸ್‌ನಲ್ಲಿ ಇದು ಬಾಂಡಿಂಗ್, ವಿಂಡೋಸ್ ಸರ್ವರ್‌ನಲ್ಲಿ ಟೀಮಿಂಗ್.

1 ಗಿಗಾಬಿಟ್‌ನ ಎರಡು ಕಾರ್ಡ್ ಸೇರಿದರೆ 2 ಗಿಗಾಬಿಟ್ ವೇಗ ಎಂಬ ನಂಬಿಕೆ ಅರ್ಧ ಸತ್ಯ. ಹೆಚ್ಚು ಬಳಕೆಯಲ್ಲಿರುವ ಎಲ್‌ಎಸಿಪಿ ವಿಧಾನವು 2000ರಲ್ಲಿ ಐಇಇಇ 802.3ಎಡಿ ಮಾನದಂಡವಾಗಿ ಬಂತು. ಇದರಲ್ಲಿ ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್ ಹಿಡಿಯುತ್ತವೆ. ಹಂಚಿ ಕಳಿಸಿದರೆ ಹಿಂದುಮುಂದಾಗಿ ತಲುಪಬಹುದು. ಹಾಗಾಗಿ ಒಂದು ದೊಡ್ಡ ಬ್ಯಾಕಪ್ ಕಡತಕ್ಕೆ 1 ಗಿಗಾಬಿಟ್ಟೇ ಗತಿ. ನೂರಾರು ಜನ ಒಟ್ಟಿಗೆ ಬಂದಾಗಷ್ಟೇ ಕೆಲಸ ಹಂಚಿಹೋಗುತ್ತದೆ. ಅದೂ ಖಚಿತವಲ್ಲ! ಲಿನಕ್ಸ್ ತಾನಾಗಿಯೇ ನೋಡುವುದು ಮ್ಯಾಕ್ ವಿಳಾಸವನ್ನು. ಹೊರಗಿನವರೆಲ್ಲ ಒಂದೇ ರೂಟರ್ ದಾಟಿ ಬಂದರೆ, ಅವರಿಗೆ ಹೋಗುವ ಉತ್ತರಗಳೆಲ್ಲ ಒಂದೇ ಕೇಬಲ್‌ಗೆ ಬೀಳುತ್ತವೆ. ಐಪಿ ಮತ್ತು ಪೋರ್ಟ್ ಸಂಖ್ಯೆಯನ್ನೂ ನೋಡುವಂತೆ ನಾವೇ ಬದಲಿಸಬೇಕು.

ವೇಗ ಬೇಡ, ಕೆಲಸ ನಿಲ್ಲದಿದ್ದರೆ ಸಾಕು ಎನ್ನುವವರಿಗೆ 'ಆ್ಯಕ್ಟಿವ್-ಬ್ಯಾಕಪ್' ಇದೆ: ಒಂದು ಕಾರ್ಡ್ ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ನನಗೆ ಇದೇ ಮೆಚ್ಚು. ಆದರೆ ಎರಡೂ ಕೇಬಲ್ ಒಂದೇ ಸ್ವಿಚ್‌ಗೆ ಹೋದರೆ, ಆ ಸ್ವಿಚ್ ಕೆಟ್ಟಾಗ ಎರಡೂ ಹೋದಂತೆ. ಇನ್ನೊಂದು ತೊಡಕು: ಕಾರ್ಡ್ ಗಮನಿಸುವುದು ಸ್ವಿಚ್‌ವರೆಗಿನ ಕೊಂಡಿಯನ್ನು ಮಾತ್ರ. ಸ್ವಿಚ್‌ನಿಂದಾಚೆ ದಾರಿ ಕಡಿದಿದ್ದರೂ ದೀಪ ಹಸಿರಾಗಿಯೇ ಇರುತ್ತದೆ. ಅದನ್ನು ಕಂಡುಹಿಡಿಯಲು, ಆಚೆಗಿನ ಒಂದು ವಿಳಾಸವನ್ನು ಆಗಾಗ ಕೂಗಿ ನೋಡುವ ಎಆರ್‌ಪಿ ತಪಾಸಣೆಯನ್ನು ಬಳಸಬೇಕು.