ನೆರೆಯ ಎಲ್ಲೆ ಮತ್ತು ಕೀಟದ ಮದ್ದು: ವಿಟ್ಲ ಸೀಮೆಯ ಗಡಿಯಲ್ಲಿ ಒಂದು ಶತಮಾನ

ವಿಟ್ಲದಿಂದ ಅಡ್ಯನಡ್ಕ, ಸಾರಡ್ಕಗಳನ್ನು ಹಾದು ಪೆರ್ಲದ ಕಡೆಗೆ ಸಾಗುವ ಮಾರ್ಗದ ಇಕ್ಕೆಲಗಳಲ್ಲಿ ಭೂಮಿಯ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮೇಲೆ ಮುರಕಲ್ಲಿನ ಗುಡ್ಡ. ಗುಡ್ಡದ ಇಳಿಜಾರಿನಲ್ಲಿ ಮನೆ. ಅದರ ಕೆಳಗೆ ಕಣಿವೆಯಲ್ಲಿ ಅಡಿಕೆಯ ತೋಟ. ತೋಟಗಳ ನಡುವೆ ಹರಿಯುವ ತೋಡು. ಒಬ್ಬನ ತೋಟ ಮುಗಿಯುವಲ್ಲಿ ಇನ್ನೊಬ್ಬನದು ಮೊದಲಾಗುತ್ತದೆ. ನಡುವೆ ಇರುವುದು ಒಂದು ಅಗಳು, ಹೆಚ್ಚೆಂದರೆ ಒಂದು ಕಲ್ಲಿನ ಕಟ್ಟ. ಕುಡಿಯುವ ನೀರಾದರೋ ಅನೇಕ ಮನೆಗಳಿಗೆ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ಬರುತ್ತದೆ. ಆ ಸುರಂಗದ ಮೇಲಿನ ಗುಡ್ಡ ಯಾರದೆಂಬುದನ್ನು ನೀರು ಕೇಳುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇದೇ ಕಣಿವೆಗಳ ಮಧ್ಯೆ ಎರಡು ರಾಜ್ಯಗಳ ಗಡಿಯೂ ಹಾದುಹೋಯಿತು. ನೆರೆಯವನು ಎಂಬ ಮಾತಿಗೆ ಇಲ್ಲಿ ಅಂದಿನಿಂದ ಇನ್ನೂ ಒಂದು ಅರ್ಥ ಬಂದಿತು.

ಇಂತಹ ನೆಲದಲ್ಲಿ ಕೀಟವನ್ನಾಗಲೀ ರೋಗವನ್ನಾಗಲೀ ಒಬ್ಬನು ತನ್ನ ಬೇಲಿಯೊಳಗೆ ಮಾತ್ರ ನಿವಾರಿಸಿಕೊಳ್ಳುವುದು ಸಾಧ್ಯವಿಲ್ಲ. ರೋಗವು ಆಚೆಯಿಂದ ಬರುತ್ತದೆ. ಅದಕ್ಕೆ ಬಿಟ್ಟ ಮದ್ದು ಆಚೆಗೆ ಹೋಗುತ್ತದೆ. ಹಾಗಾದರೆ ನೆರೆಯವನ ಭೂಮಿಯಲ್ಲಿ ನಮಗಿರುವ ಹಕ್ಕು ಎಷ್ಟು, ನಮ್ಮ ಕಾರ್ಯದ ಕುರಿತು ಅವನಿಗಿರುವ ಹಕ್ಕು ಎಷ್ಟು ಎಂಬ ಪ್ರಶ್ನೆಗೆ ಈ ಸೀಮೆಯು ಬಹಳ ದೊಡ್ಡ ಬೆಲೆಯನ್ನು ತೆತ್ತು ಉತ್ತರವನ್ನು ಹುಡುಕಿದೆ.

ಅಡಿಕೆ ಬೆಳೆಗಾರನ ಮೊದಲ ಶತ್ರು ಕೊಳೆರೋಗ. ಆಟಿ ತಿಂಗಳ ಎಡೆಬಿಡದ ಮಳೆಯಲ್ಲಿ ಹಸಿ ಅಡಿಕೆಯು ಕೊಳೆತು ಉದುರುವ ಈ ವ್ಯಾಧಿಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು. 1910ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಅವರು ಇದಕ್ಕೆ ಒಂದು ಸೂಕ್ಷ್ಮ ಶಿಲೀಂಧ್ರವು ಕಾರಣವೆಂದು ತೋರಿಸಿ, ಮೈಲುತುತ್ತು ಮತ್ತು ಸುಣ್ಣಗಳ ಮಿಶ್ರಣವಾದ ಬೋರ್ಡೋ ದ್ರಾವಣವನ್ನು ಸೂಚಿಸಿದರು. ಮಳೆಯ ಹನಿ ಸಿಡಿದಲ್ಲಿಗೆ, ಗಾಳಿ ಬೀಸಿದಲ್ಲಿಗೆ ಈ ರೋಗದ ಬೀಜಾಣುಗಳು ಸಾಗುತ್ತವೆ. ಆದ್ದರಿಂದ ಹತ್ತು ತೋಟಗಳಲ್ಲಿ ಮದ್ದು ಬಿಟ್ಟು ಹನ್ನೊಂದನೆಯದನ್ನು ಬಿಟ್ಟರೆ ಆ ಹನ್ನೊಂದನೆಯ ತೋಟವೇ ಉಳಿದವುಗಳಿಗೆ ರೋಗದ ಆಗರವಾಗುತ್ತದೆ.

ಈ ಬೋರ್ಡೋ ದ್ರಾವಣದ ಹುಟ್ಟಿನ ಕಥೆಯೂ ನೆರೆಹೊರೆಗೆ ಸಂಬಂಧಿಸಿದ್ದೇ ಆಗಿರುವುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದ್ದು ತಿನ್ನದಿರಲೆಂದು ತೋಟದವರು ಮಾರ್ಗದ ಬದಿಯ ಸಾಲುಗಳಿಗೆ ಮಾತ್ರ ಮೈಲುತುತ್ತು ಸುಣ್ಣಗಳನ್ನು ಬಳಿದು ನೀಲಿಯಾಗಿಸುತ್ತಿದ್ದರು. ಒಳಗಿನ ಬಳ್ಳಿಗಳು ಬೂಜುರೋಗದಿಂದ ಎಲೆ ಉದುರಿಸಿ ನಿಂತಿರುವಾಗ ಬದಿಯ ಸಾಲುಗಳು ಮಾತ್ರ ಹಸಿರಾಗಿರುವುದನ್ನು ಪ್ರಾಧ್ಯಾಪಕ ಮಿಲಾರ್ದೆ ಅವರು 1882ರಲ್ಲಿ ಗಮನಿಸಿ, 1885ರಲ್ಲಿ ಅದನ್ನು ಔಷಧಿಯೆಂದು ಪ್ರಕಟಿಸಿದರು. ಅನ್ಯರನ್ನು ದೂರವಿಡಲು ಬಳಿದ ಬಣ್ಣವು ಮುಂದೆ ಅಡಿಕೆಯ ನಾಡಿನಲ್ಲಿ ಅನ್ಯರೊಡನೆ ಮಾತನಾಡಲೇಬೇಕಾದ ಕೆಲಸವಾಗಿ ಪರಿಣಮಿಸಿತು.

ಆ ಕೆಲಸದ ಬಗೆಯನ್ನು ತಿಳಿದವರಿಗೆ ಇದರ ಕಾರಣ ಸ್ಪಷ್ಟ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಬಾರಿ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಂದು ಬಾರಿ. ಮರವೇರಿದವನು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಒಂದು ಮರದ ತಲೆಯಿಂದ ಇನ್ನೊಂದನ್ನು ಎಳೆದುಕೊಂಡು ದಾಟುತ್ತಾನೆ. ಎಲ್ಲೆಯ ಸಾಲಿಗೆ ಬಂದಾಗ ಪಂಪಿನ ಕೊಳವೆ ನೆರೆಯವನ ತೋಟದಲ್ಲಿ ಬಿದ್ದಿರುತ್ತದೆ, ನೀಲಿ ಹನಿಗಳು ಅವನ ವೀಳ್ಯದೆಲೆಯ ಮೇಲೂ ಹಸುವಿಗೆಂದು ಬೆಳೆದ ಹುಲ್ಲಿನ ಮೇಲೂ ಬೀಳುತ್ತವೆ. ಆದ್ದರಿಂದ "ನಾಳೆ ಮದ್ದು ಬಿಡುವುದುಂಟು, ಆ ಬದಿಯ ಹುಲ್ಲು ಇವತ್ತೇ ಕೊಯ್ದುಕೊಳ್ಳಿ" ಎಂದು ಹೇಳಿ ಬರುವುದು ಮರ್ಯಾದೆಯ ಮಾತು ಮಾತ್ರವಲ್ಲ, ಕೆಲಸದ ಒಂದು ಅಂಗವೇ ಆಗಿತ್ತು. ಹೇಳದೆ ಮಾಡುವಷ್ಟು ದೂರದಿಂದ ಮಾಡುವ ಉಪಕರಣ ಆಗ ಯಾರಲ್ಲಿಯೂ ಇರಲಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳಿತು? ದಕ್ಷಿಣ ಕನ್ನಡ ಜಿಲ್ಲೆಯು ಅಂದು ಮದ್ರಾಸು ಪ್ರಾಂತಕ್ಕೆ ಸೇರಿದ್ದು, 1882ರ ಅನುಭೋಗ ಹಕ್ಕುಗಳ ಅಧಿನಿಯಮವು ಆ ವರ್ಷದ ಜುಲೈ 1ರಿಂದಲೇ ಇಲ್ಲಿ ಜಾರಿಗೆ ಬಂದಿತು. ಅದರ 24ನೆಯ ಪ್ರಕರಣದಂತೆ, ನೆರೆಯ ಭೂಮಿಯಲ್ಲಿ ನೀರಿನ ಕೊಳವೆಯದೋ ದಾರಿಯದೋ ಹಕ್ಕುಳ್ಳವನು ಅದನ್ನು ದುರಸ್ತಿಗೊಳಿಸಲು ಒಳಗೆ ಹೋಗಬಹುದು. ಆದರೆ ನೆರೆಯವನಿಗೆ ಸಾಧ್ಯವಾದಷ್ಟು ಕಡಿಮೆ ತೊಂದರೆಯಾಗುವ ಸಮಯದಲ್ಲಿ, ಅಂತಹ ರೀತಿಯಲ್ಲಿ ಹೋಗಬೇಕು, ಹಾನಿಯಾದರೆ ಸರಿಪಡಿಸಿಕೊಡಬೇಕು. ಮೊದಲೇ ಇರುವ ಒಂದು ಹಕ್ಕಿಗೆ ಅಂಟಿಕೊಂಡ ಹಕ್ಕು ಇದು. ಪಾಲಾದ ಮನೆಯ ನಡುಗೋಡೆಗೆ ಗೆದ್ದಲು ಹತ್ತಿದೆ, ಮದ್ದು ಹಾಕಲು ಅಣ್ಣನ ಪಾಲಿನ ಕೋಣೆಗೆ ಹೋಗಬೇಕೆಂದರೆ ಈ ಪ್ರಕರಣವು ತಾನಾಗಿ ಬಾಗಿಲು ತೆರೆಯುವುದಿಲ್ಲ. ಅಣ್ಣನನ್ನು ಕೇಳಿಯೇ ಹೋಗಬೇಕು. ಇಂಗ್ಲೆಂಡಿನಲ್ಲಿ ಕೂಡ ತನ್ನ ಗೋಡೆಯ ದುರಸ್ತಿಗಾಗಿ ನೆರೆಯವನ ಜಾಗಕ್ಕೆ ಹೋಗಲು ನ್ಯಾಯಾಲಯದ ಅಪ್ಪಣೆ ಪಡೆಯುವ ಪ್ರತ್ಯೇಕ ಶಾಸನ ಬಂದುದು 1992ರಲ್ಲಿ.

ಕೃಷಿಯ ಕೀಟರೋಗಗಳಿಗಾಗಿ ಮದ್ರಾಸು ಸರಕಾರವು 1919ರಲ್ಲಿಯೇ ಬೇರೆ ಶಾಸನವನ್ನು ಮಾಡಿತು. ಯಾವುದಾದರೂ ಕೀಟವನ್ನು ಸರಕಾರ ಅಧಿಸೂಚಿಸಿದರೆ ಭೂಮಿಯ ಅನುಭೋಗದಾರನು ನಿವಾರಣೆಯ ಕ್ರಮಗಳನ್ನು ಕೈಗೊಳ್ಳಲೇಬೇಕು. ಕೈಗೊಳ್ಳದಿದ್ದರೆ ಅಧಿಕಾರಿಯು ಒಳಬಂದು ಕೆಲಸ ಮಾಡಿಸಿ ಖರ್ಚನ್ನು ಅವನಿಂದಲೇ ವಸೂಲು ಮಾಡಬಹುದು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಕೇರಳವು 1958ರಲ್ಲಿ, ಆಗಿನ ಮೈಸೂರು ರಾಜ್ಯವು 1968ರಲ್ಲಿ ಇದೇ ಬಗೆಯ ತಮ್ಮ ತಮ್ಮ ಶಾಸನಗಳನ್ನು ಮಾಡಿಕೊಂಡವು. ಈ ಎಲ್ಲ ಶಾಸನಗಳ ಚಿಂತೆ ಒಂದೇ: ಮದ್ದು ಬಿಡದ ಸೋಮಾರಿ ನೆರೆಯವನಿಂದ ಶ್ರದ್ಧಾವಂತನನ್ನು ಕಾಪಾಡುವುದು. ಮದ್ದು ಬಿಡುವವನಿಂದ ನೆರೆಯವನನ್ನು ಕಾಪಾಡಬೇಕಾದೀತೆಂಬ ಯೋಚನೆ ಆಗ ಹುಟ್ಟಿರಲಿಲ್ಲ.

ಜಿನಾಗಮದ ಶ್ರಾವಕಾಚಾರದಲ್ಲಿ ಈ ಯೋಚನೆಗೆ ಸ್ಥಾನವುಂಟು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದೂ ಉಳಿದವುಗಳಲ್ಲಿ ಎಚ್ಚರದಿಂದಿರಬೇಕೆಂದೂ ಆಚಾರ್ಯರು ವಿಧಿಸಿದ್ದಾರೆ. ತೋಟಕ್ಕೆ ಮದ್ದು ಬಿಡುವುದು ಉದ್ಯೋಗೀ ಹಿಂಸೆಯ ಪಾಲಿಗೆ ಬರುತ್ತದೆಂದು ಶ್ರಾವಕರು ಸಮಾಧಾನ ಪಟ್ಟುಕೊಳ್ಳುವುದುಂಟು. ಆ ಸಮಾಧಾನ ಸರಿಯೇ ಇರಬಹುದು. ಆದರೆ ಆ ಉದ್ಯೋಗದಲ್ಲಿ ಪಾಲಿಲ್ಲದ, ಅದರ ಫಲವನ್ನು ಉಣ್ಣದ ನೆರೆಯವನ ಮಗುವಿನ ಮೇಲೆ ಬಿದ್ದ ಹನಿಗೆ ಆ ರಿಯಾಯಿತಿ ಸಲ್ಲುವುದೇ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿಕೊಂಡಿಲ್ಲ. ತನ್ನ ಕಾರ್ಯಕ್ಷೇತ್ರಕ್ಕೆ ದಿಕ್ಕುಗಳ ಮಿತಿಯನ್ನು ಹಾಕಿಕೊಳ್ಳುವ ದಿಗ್ವ್ರತದ ಅತಿಚಾರಗಳಲ್ಲಿ ಉಮಾಸ್ವಾಮಿಗಳು ಅಡ್ಡಲಾಗಿ ಎಲ್ಲೆ ಮೀರುವುದನ್ನು ಮಾತ್ರವಲ್ಲದೆ, ಮೇಲಕ್ಕೆ ಮೀರುವುದನ್ನೂ ಕೆಳಕ್ಕೆ ಮೀರುವುದನ್ನೂ ಬೇರೆಯಾಗಿಯೇ ಎಣಿಸಿದ್ದಾರೆ. ಮುಂದಿನ ಕಥೆಯು ಈ ಮೇಲು ಕೆಳಗುಗಳದ್ದೇ ಆಗಿದೆ.

ಗಡಿಯ ಆಚೆ, ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದ ಗ್ರಾಮಗಳಲ್ಲಿ, ಗುಡ್ಡದ ತಲೆಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟಕ್ಕಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ವರ್ಷದಲ್ಲಿ ಎರಡು ಮೂರು ಬಾರಿ ಸಿಂಪಡಿಸಲಾಯಿತು. ಮರವೇರುವವನು ಬೇಕಿಲ್ಲ, ಎಲ್ಲೆಯ ಸಾಲಿನಲ್ಲಿ ಕೊಳವೆ ಎಳೆಯಬೇಕಿಲ್ಲ, ನೆರೆಯವನ ಅಂಗಳ ತುಳಿಯಬೇಕಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ನೂರಾರು ಮನೆಗಳ ಮೇಲಿನ ಆಕಾಶಕ್ಕೆ ಪ್ರವೇಶ ದೊರೆಯಿತು. 1971ರ ಕೀಟನಾಶಕ ನಿಯಮಗಳ 43ನೆಯ ನಿಯಮವು ವಾಯುಸಿಂಪಡಣೆಯ ವಿಚಾರವನ್ನು 24 ಗಂಟೆಗಳಿಗೆ ಕಡಿಮೆಯಿಲ್ಲದಂತೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕೆಂದೂ ಸಂಬಂಧಪಡದ ಜನ ಜಾನುವಾರುಗಳು ಆ ಪ್ರದೇಶಕ್ಕೆ ಹೋಗದಂತೆ ತಡೆಯಬೇಕೆಂದೂ ವಿಧಿಸಿತ್ತು. ನಿಯಮ ಮಾಡಿದವರು ಮನುಷ್ಯನು ವಿಷವಿದ್ದಲ್ಲಿಗೆ ಹೋಗುವುದನ್ನು ಕಲ್ಪಿಸಿದರು. ವಿಷವು ಮನುಷ್ಯನಿದ್ದಲ್ಲಿಗೆ ಬರುವುದನ್ನು ಕಲ್ಪಿಸಲಿಲ್ಲ. ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆ ಹೋಗುತ್ತಿತ್ತು. ಆದರೆ ಸುರಂಗಕ್ಕೆ ಮುಚ್ಚಳವೆಲ್ಲಿ? ತೋಡಿಗೆ ಮುಚ್ಚಳವೆಲ್ಲಿ? ಗುಡ್ಡದ ಮೇಲೆ ಬಿದ್ದುದು ಮಳೆಯೊಡನೆ ಇಳಿದು ಸುರಂಗದ ಬಾಯಲ್ಲಿ ಬರುವುದನ್ನು ತಡೆಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಮೊದಲ ಸಾಕ್ಷಿ ನುಡಿದವು ಮೂಕಪ್ರಾಣಿಗಳು. ಪಡ್ರೆಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳನ್ನು ಕಂಡು 1980ರ ದಶಕದ ಆರಂಭದಲ್ಲಿಯೇ ಈ ಕುರಿತು ಬರೆದರು. 1988ರಿಂದ ಪುತ್ತೂರಿನಲ್ಲಿ ಪ್ರಕಟವಾಗತೊಡಗಿದ "ಅಡಿಕೆ ಪತ್ರಿಕೆ"ಯನ್ನು ಕಟ್ಟಿ ಬೆಳೆಸಿದವರು ಇವರೇ. ಪಡ್ರೆಯ ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ಒಂದೇ ಹಳ್ಳಿಯ ಅಕ್ಕಪಕ್ಕದ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮಜಾತ ವೈಕಲ್ಯ, ಕ್ಯಾನ್ಸರುಗಳು ಅಸಾಧಾರಣವಾಗಿ ಕಂಡುಬರುವುದನ್ನು ಗುರುತಿಸಿ 1990ರ ದಶಕದಲ್ಲಿ ವೈದ್ಯಲೋಕದ ಗಮನವನ್ನು ಸೆಳೆಯಲೆತ್ನಿಸಿದರು. ಆಗ ಅವರ ಮಾತಿಗೆ ಕಿವಿಗೊಟ್ಟವರು ವಿರಳ.

ಕೊನೆಗೆ ಸಿಂಪಡಣೆಯನ್ನು ನಿಲ್ಲಿಸಿದುದು ಒಬ್ಬ ನೆರೆಯವಳ ಸಿವಿಲ್ ದಾವೆ. ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ ಎಂಬವರ ಮನೆಯು ಕಾರ್ಪೊರೇಶನ್ನಿನ ತೋಟದ ಹತ್ತಿರವಿದ್ದಿತು. ಮನವಿಗಳಿಂದ ಫಲ ಕಾಣದೆ 1998ರಲ್ಲಿ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ವಾಯುಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. 2000ದಲ್ಲಿ ತೀರ್ಪೂ ಅವರ ಪಕ್ಷಕ್ಕೆ ಬಂದಿತು. ಮುಂದೆ ದೇಶದೇಶಗಳ ಸಮ್ಮೇಳನಗಳು ಮಾಡಿದ ಕಾರ್ಯಕ್ಕೆ ಮೊದಲ ಕಲ್ಲನ್ನು ಇಟ್ಟುದು ಅಗಳು ತಕರಾರುಗಳನ್ನೂ ದಾರಿಯ ಜಗಳಗಳನ್ನೂ ತೀರ್ಮಾನಿಸುವ ಒಂದು ಕೆಳಹಂತದ ನ್ಯಾಯಾಲಯವೆಂಬುದು ಗಮನಿಸತಕ್ಕದ್ದು.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು, ಸಿಂಪಡಣೆಯಾಗದ ಮೀಂಜ ಗ್ರಾಮದ ಮಕ್ಕಳೊಡನೆ ಹೋಲಿಸಿ ನೋಡಿ, 2002ರ ವರದಿಯಲ್ಲಿ ಪಡ್ರೆಯಲ್ಲಿ ತೊಂದರೆಗಳು ಹೆಚ್ಚೆಂದೂ ಎಂಡೋಸಲ್ಫಾನ್ ಅದಕ್ಕೆ ಸಂಭವನೀಯ ಕಾರಣವೆಂದೂ ಹೇಳಿತು. ಇದನ್ನು ಒಪ್ಪದ ಸಮಿತಿಗಳೂ ಇದ್ದವು. ವಾದವು ಮುಂದುವರಿದಿರುವಾಗಲೇ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು.

ಇದೆಲ್ಲ ಆಚೆಯ ರಾಜ್ಯದ ಕಥೆಯೆಂದು ಈಚೆಯವರು ನಿರಾಳರಾಗುವಂತಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಸುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿಯೂ ಇದೇ ವಿಷವನ್ನು ಹೆಲಿಕಾಪ್ಟರಿನಿಂದ 2000ದವರೆಗೆ ಸುರಿಯಲಾಗಿತ್ತು. ಅಲ್ಲಿನ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳು ಯೌವನಕ್ಕೆ ಬಂದ ಮೇಲೆ, 2010ರ ಸುಮಾರಿಗೆ, ಸರಕಾರದ ಪರಿಹಾರ ಮೊದಲಾಯಿತು.

ಬಸದಿಗಳ ಆಡಳಿತ ಮೊಕ್ತೇಸರರಿಗೂ ಭೂಮಿಯುಳ್ಳ ಶ್ರಾವಕ ಕುಟುಂಬಗಳಿಗೂ ಈ ಇತಿಹಾಸವು ಹತ್ತಿರದ್ದು. ತೋಟವನ್ನು ಏಲಂ ಮಾಡಿ ಫಸಲನ್ನು ಗುತ್ತಿಗೆಗೆ ಕೊಟ್ಟ ಮೇಲೆ ಯಾವ ಮದ್ದು, ಯಾವ ದಿನ, ಎಷ್ಟು ಎಂಬುದೆಲ್ಲ ಗುತ್ತಿಗೆದಾರನ ಚಿತ್ತಕ್ಕೆ ಬಿಟ್ಟುಹೋಗುವುದುಂಟು. ಹಿಂಸೆಯ ಸಾಧನವನ್ನು ಅನ್ಯರ ಕೈಗೆ ಕೊಡುವ ಹಿಂಸಾದಾನವನ್ನೂ ಅಜಾಗರೂಕ ನಡೆಯಾದ ಪ್ರಮಾದಚರ್ಯೆಯನ್ನೂ ಶಾಸ್ತ್ರವು ಅನರ್ಥದಂಡದಲ್ಲಿ ಸೇರಿಸಿದೆ. ಏಲಂ ಪತ್ರದಲ್ಲಿ ನೆರೆಯ ಮನೆಗಳಿಗೆ ಮುಂಚಿತವಾಗಿ ತಿಳಿಸತಕ್ಕದ್ದೆಂಬ ಒಂದು ಸಾಲನ್ನು ಬರೆಯಲು ಮಹಾಸಭೆ ಕರೆಯಬೇಕಾಗಿಲ್ಲ. ಮರವೇರುವವರು ಅಪರೂಪವಾಗಿರುವ ಈ ದಿನಗಳಲ್ಲಿ ಡ್ರೋನ್ ಎಂಬ ಪುಟ್ಟ ಹಾರುಯಂತ್ರವು ಅಡಿಕೆಯ ತೋಟಕ್ಕೂ ಬಂದಿದೆ. ಅದರಿಂದ ಮದ್ದು ಬಿಡುವ ಬಗ್ಗೆ ಕೇಂದ್ರ ಕೃಷಿ ಸಚಿವಾಲಯವು 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನವನ್ನು ಹೊರಡಿಸಿತು. ಆದರೂ ಅಗಳಿನ ಆಚೆ ಬಟ್ಟೆ ಒಣಗಲು ಹಾಕಿರುವ ಮನೆಯವರಿಗೆ ಹೇಳಿಬರುವ ಕೆಲಸವು ಮನುಷ್ಯನಿಗೇ ಉಳಿದಿದೆ.

ಸಿಂಪಡಣೆ ನಿಂತಾಗ ಉಳಿದ ವಿಷದ ಗತಿಯಾದರೂ ಇನ್ನೂ ತೀರ್ಮಾನವಾದಂತಿಲ್ಲ. ಕೇರಳದ ಅಂಚಿನಲ್ಲಿ, ಕರ್ನಾಟಕದ ಗಡಿಗೆ ತಾಗಿದಂತೆ ಇರುವ ಮಿಂಚಿನಪದವಿನ ಗೇರುತೋಟದ ಹಾಳುಬಾವಿಯೊಂದರಲ್ಲಿ ಅದನ್ನು ಹೂಳಲಾಗಿದೆಯೆಂಬ ದೂರು 2023ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿತ್ತು. ಆ ಪದವಿನ ಮೇಲೆ ಬಿದ್ದ ಮಳೆಯು ಗಡಿಯ ಎರಡೂ ಕಡೆಯ ತೋಡುಗಳಿಗೆ ಇಳಿಯುತ್ತದೆ.