ದಂಡುಪ್ರದೇಶದ ನೋಡುಗರು ಮತ್ತು ಭಯಚಿತ್ರದ ಎರಡನೆಯ ಭಾಗ

ಭಯಚಿತ್ರಗಳಲ್ಲಿ ಸ್ಲ್ಯಾಶರ್ ಎಂಬ ಒಂದು ಪ್ರಭೇದವಿದೆ. ಊರಾಚೆಯ ಒಂಟಿ ಜಾಗದಲ್ಲಿ ಸಿಕ್ಕಿಬಿದ್ದ ಎಳೆಯ ಪ್ರಾಯದವರನ್ನು ಮುಖ ಮರೆಸಿಕೊಂಡ ಕೊಲೆಗಾರನೊಬ್ಬ ಹರಿತವಾದ ಆಯುಧ ಹಿಡಿದು ಒಬ್ಬೊಬ್ಬರಾಗಿ ಮುಗಿಸುತ್ತ ಹೋಗುವುದು, ಕೊನೆಗೆ ಬದುಕುಳಿದ ಒಬ್ಬ ಹೆಣ್ಣುಮಗಳು ಅವನಿಗೆ ಎದುರು ನಿಲ್ಲುವುದು ಅದರ ಕಟ್ಟುಪಾಡು. 1960ರ ಸೈಕೋ ಚಿತ್ರದಲ್ಲಿ ಬೇರುಬಿಟ್ಟು, 1978ರ ಹ್ಯಾಲೋವೀನ್ ಚಿತ್ರದಿಂದ ಗಟ್ಟಿಯಾದ ಈ ಕಟ್ಟುಪಾಡು ಹಿಮದ ನಾಡಾದ ನಾರ್ವೆಯನ್ನು ತಲುಪಿದ ಫಲವಾಗಿ 2006ರಲ್ಲಿ ರೋಅರ್ ಉಥಾಗ್ ನಿರ್ದೇಶನದ ಫ್ರಿಟ್ ವಿಲ್ಟ್ ಬಂತು. 2008ರಲ್ಲಿ ಮ್ಯಾಟ್ಸ್ ಸ್ಟೆನ್‌ಬರ್ಗ್ ನಿರ್ದೇಶಿಸಿದ ಅದರ ಎರಡನೆಯ ಭಾಗ ತೆರೆಕಂಡಿತು. ಯೋಟುನ್‌ಹೈಮನ್ ಪರ್ವತಗಳ ಪಾಳುಬಿದ್ದ ಹೋಟೆಲಿನಲ್ಲಿ ಗೆಳೆಯರನ್ನೆಲ್ಲ ಕಳೆದುಕೊಂಡು ಪಾರಾದ ಯಾನಿಕ್ ಎಂಬ ಯುವತಿಯನ್ನು ಆಸ್ಪತ್ರೆಗೆ ಸೇರಿಸಿದಾಗ, ಸತ್ತನೆಂದು ತಿಳಿದಿದ್ದ ಕೊಲೆಗಾರನ ದೇಹವೂ ಅದೇ ಕಟ್ಟಡಕ್ಕೆ ಬರುವುದು ಆ ಚಿತ್ರದ ಕಥೆ. ಎರಡನೆಯ ಭಾಗವನ್ನು ನೋಡಲು ಬರುವವರು ಮೊದಲ ಭಾಗದ ನೆನಪನ್ನು ಜೊತೆಗೆ ತಂದಿರುತ್ತಾರೆ. ಬೆಚ್ಚಿಬೀಳುವುದಕ್ಕೆ ಮೊದಲೇ ಹೋಲಿಸಲು ತೊಡಗುತ್ತಾರೆ. ಆದುದರಿಂದ ನೋಡುಗರ ತೀರ್ಪಿನ ಚರಿತ್ರೆಯನ್ನು ಅರಸುವವರಿಗೆ ಭಯಚಿತ್ರದ ಮುಂದುವರಿದ ಭಾಗಗಳಷ್ಟು ಸಮೃದ್ಧವಾದ ಕ್ಷೇತ್ರ ಮತ್ತೊಂದು ಸಿಗಲಾರದು. ಬೆಂಗಳೂರಿನಲ್ಲಿ ಆ ಚರಿತ್ರೆಯ ಬಹುಪಾಲು ನಡೆದುಹೋದದ್ದು ದಂಡುಪ್ರದೇಶದಲ್ಲಿ, ಅಂದರೆ ಬ್ರಿಟಿಷರ ಸೇನಾನೆಲೆಯಾಗಿ ಬೆಳೆದ ನಗರದ ಪೂರ್ವಭಾಗದಲ್ಲಿ.

1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಂಡ ದಂಡು, 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದ ಮೇಲೆಯೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿದು, 1947ರ ಜುಲೈನಲ್ಲಿ ಮಾತ್ರ ಸಂಸ್ಥಾನಕ್ಕೆ ಹಿಂದಿರುಗಿತು. 1949ರಲ್ಲಿ ಪೇಟೆಯ, ಅಂದರೆ ಹಳೆಯ ನಗರದ, ಮತ್ತು ದಂಡಿನ ಪುರಸಭೆಗಳು ಒಂದಾಗಿ ನಗರಪಾಲಿಕೆಯಾದವು. ಹೀಗೆ ಒಂದೇ ಊರಿನ ಎರಡು ಪಾಲುಗಳು ಬಹುಕಾಲ ಎರಡು ಆಡಳಿತಗಳಿಗೆ ಒಳಪಟ್ಟಿದ್ದರಿಂದ ಚಲನಚಿತ್ರದ ವ್ಯಾಪಾರವೂ ಎರಡು ದಾರಿ ಹಿಡಿಯಿತು. ಕನ್ನಡ ಚಿತ್ರೋದ್ಯಮ ಪೇಟೆಗೆ ಹತ್ತಿರದ ಗಾಂಧಿನಗರ ಮತ್ತು ಕೆಂಪೇಗೌಡ ರಸ್ತೆಗಳನ್ನು ಆಶ್ರಯಿಸಿದರೆ, ದಂಡಿನ ಚಿತ್ರಮಂದಿರಗಳು ಸೈನಿಕರನ್ನೂ ಆಂಗ್ಲೋ ಇಂಡಿಯನ್ ಕುಟುಂಬಗಳನ್ನೂ ಶಿವಾಜಿನಗರದ ಉರ್ದು ಮಾತಿನವರನ್ನೂ ಹಲಸೂರಿನ ತಮಿಳು ಮನೆಮಾತಿನವರನ್ನೂ ನೆಚ್ಚಿಕೊಂಡು ಬೆಳೆದವು. ಶಿವಾಜಿನಗರದ ಎಲ್ಜಿನ್ ಟಾಕೀಸ್ ನಾಟಕಗಳ ರಂಗಮಂದಿರವಾಗಿದ್ದು ಮೂಕಿಯ ಕಾಲವನ್ನು ದಾಟಿ ಟಾಕಿಗೆ ಬಂತು. ಕಬ್ಬನ್ ರಸ್ತೆಯ ಬಿ.ಆರ್.ವಿ. ಮಂದಿರದ ಹೆಸರೇ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಪಡೆಯದು. ಆಗ ಸೌತ್ ಪೆರೇಡ್ ಎನಿಸಿಕೊಂಡು ಈಗ ಮಹಾತ್ಮ ಗಾಂಧಿ ರಸ್ತೆಯಾಗಿರುವ ದಾರಿಯಲ್ಲಿ 1936ರಲ್ಲಿ ಪ್ಲಾಜಾ ಎದ್ದುನಿಂತಿತು. ಬ್ರಿಗೇಡ್ ರಸ್ತೆಯ ರೆಕ್ಸ್ ಮತ್ತು ಒಪೆರಾ ಹೌಸ್, ಫ್ರೇಜರ್ ಟೌನಿನ ಎವರೆಸ್ಟ್, ಮುಂದೆ ಗ್ಯಾಲಕ್ಸಿ, ಬ್ಲೂಮೂನ್, ಬ್ಲೂಡೈಮಂಡ್, ಹಲಸೂರಿನ ಕಡೆಯ ಲಿಡೋ, ಲಾವಣ್ಯ, ಅಜಂತಾ ಒಂದೊಂದೂ ತನ್ನದೇ ನೋಡುಗರನ್ನು ಕಟ್ಟಿಕೊಂಡಿತು.

ಈ ನೋಡುಗರ ಅಭಿಪ್ರಾಯವನ್ನು ಮೊತ್ತಮೊದಲು ಗಂಭೀರವಾಗಿ ಪರಿಗಣಿಸಿದವರು ವಿಮರ್ಶಕರಲ್ಲ, ಆಳುವವರು. ಅದಕ್ಕೆ ಕಾರಣ ಅಂಜಿಕೆ. ಪಾಶ್ಚಾತ್ಯ ಚಿತ್ರಗಳಲ್ಲಿನ ಕೊಲೆ, ಕುಡಿತ ಮತ್ತು ಬಿಳಿಯ ಹೆಂಗಸರ ಪ್ರಣಯವನ್ನು ಕಂಡ ಭಾರತೀಯರಿಗೆ ಆಳುವ ಜನಾಂಗದ ಮೇಲಿನ ಗೌರವ ಕುಂದೀತೆಂಬ ಆತಂಕ 1920ರ ದಶಕದ ಆಡಳಿತಗಾರರನ್ನು ಕಾಡುತ್ತಿತ್ತು. ಸೈನಿಕನೂ ಅವನ ಅಡಿಗೆಯವನೂ ಒಂದೇ ತೆರೆಯ ಎದುರು ಕೂರಬಲ್ಲ ದಂಡುಪಟ್ಟಣಗಳಲ್ಲಿ ಆ ಆತಂಕಕ್ಕೆ ಹೆಚ್ಚಿನ ಅರ್ಥವಿತ್ತು. 1918ರ ಸಿನಿಮಾಟೋಗ್ರಾಫ್ ಕಾಯಿದೆಯ ಬೆನ್ನಿಗೆ 1920ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು ಮತ್ತು ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು, ಅಂದರೆ ಪ್ರದರ್ಶನಕ್ಕೆ ಮುನ್ನ ಚಿತ್ರವನ್ನು ಪರೀಕ್ಷಿಸಿ ಅನುಮತಿಪತ್ರ ನೀಡುವ ಸಮಿತಿಗಳು ಆರಂಭವಾದವು. 1927ರಲ್ಲಿ ಮದರಾಸಿನ ವಕೀಲ ಟಿ. ರಂಗಾಚಾರಿಯರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿಯಲ್ಲಿ ಮೂವರು ಭಾರತೀಯರು ಮತ್ತು ಮೂವರು ಯುರೋಪಿಯನ್ನರಿದ್ದು, ಅದು 353 ಸಾಕ್ಷಿಗಳನ್ನು ವಿಚಾರಿಸಿ 1928ರಲ್ಲಿ ವರದಿ ಸಲ್ಲಿಸಿತು. ಚಿತ್ರಗಳಿಂದ ಜನರ ನಡತೆ ಕೆಡುತ್ತಿದೆ ಎಂಬ ಕೂಗಿಗೆ ತಕ್ಕ ಆಧಾರವಿಲ್ಲವೆಂದು ಸಮಿತಿ ಕಂಡುಕೊಂಡದ್ದು, ಬ್ರಿಟಿಷ್ ಸಾಮ್ರಾಜ್ಯದ ಚಿತ್ರಗಳಿಗೆ ವಿಶೇಷ ಪ್ರೋತ್ಸಾಹ ಬೇಕೆಂಬ ಬೇಡಿಕೆಯನ್ನು ಒಪ್ಪದೆ ಹೋದದ್ದು ಇಂದಿಗೂ ಮೆಚ್ಚತಕ್ಕ ವಿವೇಕವಾಗಿದೆ. ನೋಡುಗರನ್ನು ಕಾಯಬೇಕಾದ ಮಂದೆಯೆಂದು ಬಗೆದು ಹೊರಟ ವಿಚಾರಣೆ, ಅವರಿಗೂ ಸ್ವಂತ ಬುದ್ಧಿಯಿದೆ ಎಂಬಲ್ಲಿಗೆ ಬಂದು ನಿಂತಿತು.

ನಾರ್ವೆಯ ದಾರಿ ಬೇರೆಯಾಗಿತ್ತು. ಅಲ್ಲಿಯೂ 1913ರ ಕಾನೂನು ಚಿತ್ರಗಳ ಪೂರ್ವಪರೀಕ್ಷೆಯನ್ನು ಜಾರಿಗೆ ತಂದಿತಾದರೂ, ಅದೇ ಕಾನೂನು ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ಸ್ಥಳೀಯ ಪುರಸಭೆಗಳಿಗೆ ವಹಿಸಿದ್ದರಿಂದ ಕ್ರಮೇಣ ಪುರಸಭೆಗಳೇ ಮಂದಿರಗಳನ್ನು ಕಟ್ಟಿ ನಡೆಸತೊಡಗಿದವು. 1952ರಿಂದ ಅಲ್ಲಿನ ವೆರ್ಡೆನ್ಸ್ ಗಾಂಗ್ ಪತ್ರಿಕೆ ಪ್ರತಿ ಚಿತ್ರಕ್ಕೂ ದಾಳದ ಒಂದರಿಂದ ಆರರವರೆಗಿನ ಮುಖಗಳಲ್ಲಿ ಅಂಕ ಕೊಡುವ ರೂಢಿಯನ್ನು ತಂದು, ನಾರ್ವೆಯವರ ಚಿತ್ರಾಭಿಪ್ರಾಯಕ್ಕೆ ಒಂದು ಸಾಮಾನ್ಯ ನುಡಿಗಟ್ಟನ್ನು ಒದಗಿಸಿತು. 1958ರಲ್ಲಿ ಬಂದ ಡೆ ಡೋಡೆಸ್ ಶೆರ್ನ್ ಎಂಬ ಭಯಚಿತ್ರದ ತರುವಾಯ ಆ ಪ್ರಕಾರದಲ್ಲಿ ಹೆಚ್ಚಿನ ಕೃಷಿ ನಡೆಯದಿದ್ದುದರಿಂದ, ಅರ್ಧ ಶತಮಾನದ ಮೇಲೆ ತಮ್ಮದೇ ಭಾಷೆಯಲ್ಲಿ, ತಮ್ಮದೇ ಬೆಟ್ಟಗಳ ನಡುವೆ ನಡೆಯುವ ಸ್ಲ್ಯಾಶರ್ ಒಂದನ್ನು ಕಂಡದ್ದು ಅಲ್ಲಿನ ನೋಡುಗರಿಗೆ ಹೊಸ ಅನುಭವವಾಯಿತು.

ದಂಡಿನಲ್ಲಿ ಅಭಿಪ್ರಾಯಕ್ಕೆ ದಾಳವಿರಲಿಲ್ಲ, ಆಸನಗಳ ಶ್ರೇಣಿಯಿತ್ತು. ತೆರೆಗೆ ಅತಿ ಸಮೀಪದ ಅಗ್ಗದ ಬೆಂಚುಗಳನ್ನು ಜನ ಗಾಂಧಿ ಕ್ಲಾಸ್ ಎಂದು ಕರೆಯುತ್ತಿದ್ದರು, ಮೇಲಿನ ಬಾಲ್ಕನಿ ದುಬಾರಿಯಾಗಿತ್ತು, ಮತ್ತು ಒಂದೇ ದೃಶ್ಯಕ್ಕೆ ಈ ಎರಡೂ ಕಡೆಯಿಂದ ಬರುವ ಪ್ರತಿಕ್ರಿಯೆ ಒಂದೇ ಆಗಿರುತ್ತಿರಲಿಲ್ಲ. ಭಯಚಿತ್ರ ಕೆಳಗಿನವರನ್ನು ಮಾತಾಡಿಸುತ್ತದೆ: ಬಾಗಿಲು ತೆರೆಯಬೇಡವೆಂದು ನಾಯಕಿಗೆ ಕೂಗಿ ಹೇಳುವುದು, ಹುಸಿ ಹೆದರಿಕೆಗೆ ಶಿಳ್ಳೆ ಹಾಕುವುದು, ಸಪ್ಪೆಯಾದ ರೀಲಿಗೆ ಕಾಲು ಬಡಿಯುವುದು, ಇವೆಲ್ಲ ಅಲ್ಲಿ ಸ್ಥಳದಲ್ಲೇ ಹೊರಬೀಳುವ ವಿಮರ್ಶೆ. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ, 1948ರಲ್ಲಿ ಆರಂಭವಾದ ಎರಡು ಪತ್ರಿಕೆಗಳೂ ಮಹಾತ್ಮ ಗಾಂಧಿ ರಸ್ತೆಯಲ್ಲಿಯೇ ಕಚೇರಿ ಹೊಂದಿದ್ದು, ಅಚ್ಚಾದ ವಿಮರ್ಶೆಯೂ ಪ್ಲಾಜಾದ ಶಿಳ್ಳೆಯೂ ಕಾಲ್ನಡಿಗೆಯ ಅಂತರದಲ್ಲಿದ್ದವು. ಆದರೂ ಇಂಗ್ಲಿಷ್ ಭಯಚಿತ್ರವೊಂದು ಎರಡನೆಯ ವಾರಕ್ಕೆ ಉಳಿಯುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುತ್ತಿದ್ದುದು ಮೊದಲ ಪ್ರದರ್ಶನದಿಂದ ಹೊರಬಂದವರ ಬಾಯಿಮಾತು.

ಈ ನೋಡುವಿಕೆಯನ್ನು ಮೇಲು ಮಟ್ಟದ ರಸಿಕರು ಕೀಳೆಂದು ತಳ್ಳಿಹಾಕಿದ್ದು ಅನ್ಯಾಯ. ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೊನೆಗುಳಿಯುವ ಹೆಣ್ಣಿಗೆ ಫೈನಲ್ ಗರ್ಲ್ ಎಂಬ ಹೆಸರಿಟ್ಟು, ಮೊದಲಲ್ಲಿ ಕೊಲೆಗಾರನ ಕಣ್ಣಿನಿಂದ ನೋಡುವ ಯುವಕರೇ ಕೊನೆಗೆ ಅವಳ ಪಕ್ಷಕ್ಕೆ ಬಂದು ಅವಳಿಗಾಗಿ ಚಪ್ಪಾಳೆ ತಟ್ಟುವುದನ್ನು ಗಮನಿಸಿದರು. ಅವರು ಮೂಲತಃ ಪ್ರಾಚೀನ ನಾರ್ಡಿಕ್ ಸಾಹಿತ್ಯದ, ಅಂದರೆ ನಾರ್ವೆ ಮತ್ತು ಐಸ್‌ಲ್ಯಾಂಡ್‌ಗಳ ಹಳೆಯ ಸಾಗಾ ಕಥನಗಳ ಅಧ್ಯಯನಕಾರರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ನೋಡುಗರ ಸಹಾನುಭೂತಿ ಚಿತ್ರದ ನಡುವೆಯೇ ಪಕ್ಷ ಬದಲಿಸಬಲ್ಲದು ಎಂಬ ಅವರ ಮಾತು ರಂಗಾಚಾರಿಯರ್ ಸಮಿತಿಯ ನಂಬಿಕೆಗೆ ಅರುವತ್ತು ವರ್ಷಗಳ ಮೇಲೆ ಸಿಕ್ಕ ಸಮರ್ಥನೆಯಂತಿದೆ.

ಸ್ವಾತಂತ್ರ್ಯಾನಂತರ 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಕೆಳಗೆ ಬಹುಪಾಲು ಇಂಗ್ಲಿಷ್ ಭಯಚಿತ್ರಗಳು ವಯಸ್ಕರಿಗೆ ಮಾತ್ರ ಎಂಬ ಎ ಅರ್ಹತಾಪತ್ರ ಹೊತ್ತು ಬಂದವು, ಮತ್ತು ಆ ಅಕ್ಷರವೇ ಭಿತ್ತಿಪತ್ರದ ಮೇಲಿನ ದೊಡ್ಡ ಆಕರ್ಷಣೆಯಾಯಿತು. 1971ರಲ್ಲಿ ಅಮೆರಿಕದ ಚಲನಚಿತ್ರ ರಫ್ತುದಾರರ ಸಂಘಕ್ಕೂ ಭಾರತ ಸರ್ಕಾರಕ್ಕೂ ನಡುವಿನ ಒಪ್ಪಂದ ಮುಗಿದು 1975ರವರೆಗೆ ನವೀಕರಣವಾಗದೆ ಹೋದಾಗ ಹೊಸ ಹಾಲಿವುಡ್ ಚಿತ್ರಗಳ ಆಮದು ಬಹುಮಟ್ಟಿಗೆ ನಿಂತಿತು. ಇಂಗ್ಲಿಷ್ ಚಿತ್ರಗಳನ್ನೇ ನೆಚ್ಚಿದ್ದ ದಂಡಿನ ಮಂದಿರಗಳಿಗೆ ಇದು ದೊಡ್ಡ ಹೊಡೆತವಾಗಿ, ಹಳೆಯ ಪ್ರಿಂಟುಗಳ ಮರುಪ್ರದರ್ಶನಕ್ಕೆ ದಾರಿಯಾಯಿತು. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಬಂದ ಮೇಲೆ ಮೊದಲ ಭಾಗ ಮಂದಿರದಲ್ಲಿ, ಎರಡನೆಯದು ಬಾಡಿಗೆಯ ಕ್ಯಾಸೆಟ್ಟಿನಲ್ಲಿ, ಇಲ್ಲವೇ ಮೊದಲನೆಯದನ್ನು ಕಾಣದೆಯೇ ಮೂರನೆಯದು, ಎಂಬಂತಹ ಅಡ್ಡಾದಿಡ್ಡಿ ಕ್ರಮದಲ್ಲಿ ನೋಡುವವರೂ ಹುಟ್ಟಿಕೊಂಡರು. ತಪ್ಪಿಹೋದ ಕಥೆಯನ್ನು ಪಕ್ಕದ ಆಸನದವನು ಪಿಸುಮಾತಿನಲ್ಲಿ ಹೇಳಿ ತುಂಬಿಸುವುದು ನಮ್ಮ ಭಯಚಿತ್ರ ವೀಕ್ಷಣೆಯ ಒಂದು ಅಂಗವೇ ಆಗಿತ್ತು.

ಕನ್ನಡದವರ ಪಾಲಿಗೆ ಮತ್ತೊಂದು ತಡೆಯಿತ್ತು. ಪರಭಾಷಾ ಚಿತ್ರಗಳ ಹಾವಳಿಯ ವಿರುದ್ಧ ಅ.ನ.ಕೃ., ಮ. ರಾಮಮೂರ್ತಿ, ವಾಟಾಳ್ ನಾಗರಾಜ್ ಮೊದಲಾದ ಕನ್ನಡಪರ ಹೋರಾಟಗಾರರು ನಡೆಸಿದ 1960ರ ದಶಕದ ಚಳವಳಿಯ ಮುಂದುವರಿಕೆಯಾಗಿ ಡಬ್ಬಿಂಗ್‌ಗೆ, ಅಂದರೆ ಬೇರೆ ಭಾಷೆಯ ಚಿತ್ರಕ್ಕೆ ಕನ್ನಡ ಮಾತನ್ನು ಜೋಡಿಸುವುದಕ್ಕೆ, ಕಾನೂನಿನಲ್ಲಿ ಇಲ್ಲದ ಆದರೆ ಉದ್ಯಮ ಕಟ್ಟುನಿಟ್ಟಾಗಿ ಪಾಲಿಸಿದ ನಿಷೇಧ ಬಂತು. ಹೊರನಾಡಿನ ದೆವ್ವಗಳು ಬೆಂಗಳೂರಿನ ಮಂದಿರಗಳಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡಿದವೇ ಹೊರತು ಕನ್ನಡದಲ್ಲಿ ಮಾತಾಡಲಿಲ್ಲ. ಕನ್ನಡದ ಭಯಕ್ಕೆ ಕನ್ನಡದವರೇ ಚಿತ್ರ ಮಾಡಬೇಕಾಯಿತು, ಮಾಡಿದರು ಕೂಡ: ಅನಂತ್ ನಾಗ್ ಮತ್ತು ಲಕ್ಷ್ಮಿ ನಟಿಸಿದ 1979ರ ನಾ ನಿನ್ನ ಬಿಡಲಾರೆ ಪ್ರೇತಬಾಧೆಯ ಕಥೆಯಾದರೆ, ಉಪೇಂದ್ರ ನಿರ್ದೇಶನದ 1993ರ ಶ್! ಚಿತ್ರೀಕರಣದ ತಂಡವೊಂದನ್ನು ಕಾಡುವ ಕೊಲೆಗಳ ಸುತ್ತ ಹೆಣೆದದ್ದರಿಂದ ಸ್ಲ್ಯಾಶರ್ ಕಟ್ಟಿಗೆ ಹೆಚ್ಚು ಹತ್ತಿರವಾದದ್ದು.

ಎರಡನೆಯ ಭಾಗವೊಂದನ್ನು ಕನ್ನಡಿಗರು ಹೇಗೆ ನೋಡಿದರು ಎಂಬುದಕ್ಕೆ ಆಪ್ತಮಿತ್ರ ಮತ್ತು ಆಪ್ತರಕ್ಷಕಗಳನ್ನು ಬಿಟ್ಟರೆ ಬೇರೆ ಸಾಟಿಯಿಲ್ಲ. ಪಿ. ವಾಸು ನಿರ್ದೇಶಿಸಿದ ಆಪ್ತಮಿತ್ರ 2004ರ ಆಗಸ್ಟ್‌ನಲ್ಲಿ ತೆರೆಕಾಣುವ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ ಅದರ ನಟಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅದರ ಎರಡನೆಯ ಭಾಗವಾದ ಆಪ್ತರಕ್ಷಕ 2010ರ ಫೆಬ್ರವರಿಯಲ್ಲಿ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ನಾಯಕನಟ ವಿಷ್ಣುವರ್ಧನ್ ನಿಧನರಾದರು. ತೆರೆಯ ಮೇಲಿನ ನಾಗವಲ್ಲಿ ಎಂಬ ಪ್ರೇತದ ಕಥೆಗೂ ತೆರೆಯಾಚೆಯ ಎರಡು ಸಾವುಗಳಿಗೂ ಜನರ ಮಾತು ನಂಟು ಹೆಣೆಯಿತು. ಆ ನಂಟಿಗೆ ಆಧಾರವಿಲ್ಲ. ಆದರೆ ಎರಡನೆಯ ಭಾಗವನ್ನು ನೋಡಲು ಹೋದವರು ಮೊದಲನೆಯದಕ್ಕಿಂತ ಇದು ಹೆಚ್ಚು ಹೆದರಿಸಿತೇ ಎಂದು ಅಳೆಯುವ ಬದಲು ತಮ್ಮ ಅಚ್ಚುಮೆಚ್ಚಿನ ನಟನನ್ನು ಬೀಳ್ಕೊಡಲು ಹೋದರೆಂಬುದು ಚರಿತ್ರೆ ಬರೆಯುವವರು ಮನಸ್ಸಿಟ್ಟು ದಾಖಲಿಸಬೇಕಾದ ಸತ್ಯ. ನಾರ್ವೆಯ ಎರಡನೆಯ ಭಾಗ ಬಂದ 2008ರಲ್ಲಿಯೇ ಕನ್ನಡದ ಸುದೀಪ್ ನಾಯಕರಾಗಿದ್ದ ಹಿಂದಿಯ ಫೂಂಕ್ ಬಂದಿದ್ದು, ಮಂದಿರದಲ್ಲಿ ಒಬ್ಬಂಟಿಯಾಗಿ ಕೂತು ಅದನ್ನು ಪೂರ್ತಿ ನೋಡಬಲ್ಲವರಿಗೆ 5 ಲಕ್ಷ ರೂಪಾಯಿ ಬಹುಮಾನದ ಸವಾಲನ್ನು ಅದರ ತಯಾರಕರು ಒಡ್ಡಿದ್ದರು. ನೂರಾರು ಜನರ ನಡುವೆ ಕೂತು ಹೆದರುವ ಅಭ್ಯಾಸವಿದ್ದ ನೋಡುಗರಿಗೆ, ಖಾಲಿ ಮಂದಿರವೇ ಎಲ್ಲಕ್ಕಿಂತ ದೊಡ್ಡ ಭಯ ಎಂಬುದನ್ನು ಆ ಸವಾಲು ಸರಿಯಾಗಿಯೇ ಊಹಿಸಿತ್ತು.

ಆ ಹೊತ್ತಿಗೆ ದಂಡಿನ ಮಂದಿರಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. ಪ್ಲಾಜಾ ಇದ್ದ ನೆಲದಲ್ಲಿ 2011ರ ಅಕ್ಟೋಬರ್‌ನಲ್ಲಿ ತೆರೆದ ಮೆಟ್ರೊ ನಿಲ್ದಾಣವಿದೆ. ಗ್ಯಾಲಕ್ಸಿ, ಬ್ಲೂಮೂನ್, ಬ್ಲೂಡೈಮಂಡ್ ಇಲ್ಲವಾದವು. ಲಿಡೋ ಇದ್ದೆಡೆ ಮಾಲ್ ಬಂತು. ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿತು. ಒಪೆರಾ ಹೌಸ್ ಮೊಬೈಲ್ ಕಂಪನಿಯ ಪ್ರದರ್ಶನಾಲಯವಾಯಿತು. ನಗರದ ಪೂರ್ವದ ಅಂಚು ಕೆ.ಆರ್. ಪುರಂ ಮತ್ತು ಮಹದೇವಪುರಗಳತ್ತ ಬೆಳೆದಂತೆ ಒಂದೇ ಸೂರಿನಡಿ ಹಲವು ತೆರೆಗಳಿರುವ ಮಲ್ಟಿಪ್ಲೆಕ್ಸ್‌ಗಳು ಅಲ್ಲಿಗೂ ತಲುಪಿದವು. ಅಲ್ಲಿ ಗಾಂಧಿ ಕ್ಲಾಸ್ ಇಲ್ಲ; ಎಲ್ಲರೂ ಮೆತ್ತನೆಯ ಆಸನದವರೇ, ಅಗ್ಗದ ಬೆಂಚಿನವರಿಗೆ ಒಳಗೆ ಜಾಗವೇ ಇಲ್ಲ. ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕೊಡುತ್ತಿದ್ದ ತೀರ್ಪು ಹೀಗೆ ಒಡೆದುಹೋದದ್ದು ಕಟ್ಟಡಗಳ ನಾಶಕ್ಕಿಂತ ದೊಡ್ಡ ನಷ್ಟವಾಗಿದೆ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಆದೇಶಿಸಿದ ಮೇಲೆ ಹೊರನಾಡಿನ ಚಿತ್ರಗಳು ಕನ್ನಡದಲ್ಲಿ ಬರಲು ತೊಡಗಿದವು. 2022ರ ಕೊನೆಯಲ್ಲಿ ಅವತಾರ್‌ನ ಎರಡನೆಯ ಭಾಗವೇ ಕನ್ನಡದಲ್ಲಿ ತೆರೆಕಂಡಿತು. ಅದೇ ವರ್ಷದ ಡಿಸೆಂಬರ್ 1ರಂದು, ಫ್ರಿಟ್ ವಿಲ್ಟ್‌ನ ನಿರ್ದೇಶಕ ಉಥಾಗ್ ಮಾಡಿದ ಟ್ರೋಲ್ ಎಂಬ ಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿ ಜಗತ್ತಿನಾದ್ಯಂತ ಬಿಡುಗಡೆಯಾಗಿ, ಡೋವ್ರೆ ಬೆಟ್ಟದಿಂದ ಎದ್ದು ಓಸ್ಲೊ ನಗರದ ಕಡೆಗೆ ನಡೆಯುವ ಅದರ ದೈತ್ಯ, ಓಸ್ಲೊದ ಮನೆಗಳನ್ನು ಮುಟ್ಟಿದ ದಿನವೇ ಕೆ.ಆರ್. ಪುರಂನ ಮನೆಗಳನ್ನೂ ಮುಟ್ಟಿತು.